ಮಂಡೆಬಿಸಿಗೂ ಹತಾಶೆಗೂ ಇರುವ ದೂರ

ದೊಡ್ಡಪ್ಪನ ಮನೆಯ ಜಗಲಿಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇತ್ತು. ಬೆಳಗ್ಗೆ ಎದ್ದು ಮುಖ ತೊಳೆದ ಕೂಡಲೇ ನಿನ್ನೆಯ ಹಾಳೆ ಹರಿಯುವುದು ಅವರ ಮೊದಲ ಕೆಲಸ. ನಾವು ಮಕ್ಕಳು ಅದನ್ನು ಮುಟ್ಟುವ ಹಾಗೇ ಇರಲಿಲ್ಲ. ಒಂದು ಮಳೆಗಾಲದಲ್ಲಿ ಆ ಕ್ಯಾಲೆಂಡರ್ 17ನೇ ತಾರೀಕಿಗೆ ನಿಂತುಬಿಟ್ಟಿತು.

ಮಂಗಳೂರಿನ ಹೊರವಲಯದಲ್ಲಿ ಅವರದೊಂದು ಜೀನಸು ಅಂಗಡಿ ಇತ್ತು. ಪಾಲುದಾರ ಲೆಕ್ಕ ತಪ್ಪಿಸಿದ, ಸಾಲ ಇವರ ತಲೆಗೆ ಬಂತು, ಅಂಗಡಿಗೆ ಬೀಗ ಬಿತ್ತು. ಆದದ್ದು ಇಷ್ಟೇ. ಇಂಥದ್ದು ಎಷ್ಟೋ ಮನೆಗಳಲ್ಲಿ ಆಗುತ್ತದೆ. ಸಾಲದವರು ಬಂದು ಹೋಗುತ್ತಿದ್ದ ಮೊದಲ ವಾರ ದೊಡ್ಡಪ್ಪ ಕೂಗಾಡಿದರು, ರಾತ್ರಿ ನಿದ್ದೆ ಬಿಟ್ಟು ಲೆಕ್ಕ ಹಾಕಿದರು. ಮನೆಯವರಿಗೆ ಆಗ ಹೆದರಿಕೆಯಾಗಲಿಲ್ಲ. ಹೆದರಿಕೆ ಶುರುವಾದದ್ದು ಅವರು ಕೂಗಾಡುವುದನ್ನು ನಿಲ್ಲಿಸಿದ ಮೇಲೆ. ಜಗಲಿಯ ಮೂಲೆಯಲ್ಲಿ ಕೂತರೆ ಕೂತೇ ಇರುತ್ತಿದ್ದರು. ದೊಡ್ಡಮ್ಮ ಪಕ್ಕದಲ್ಲೇ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಕಟ್ಟುತ್ತಾ, ಮಧ್ಯಾಹ್ನಕ್ಕೆ ಏನು ಪದಾರ್ಥ ಮಾಡಲಿ ಅಂತ ಕೇಳುವರು. ಉತ್ತರ ಪ್ರತಿದಿನ ಒಂದೇ: 'ಎಂಕ್ ದಾಲಾ ಬೊಡ್ಚಿ.' ನನಗೆ ಏನೂ ಬೇಡ.

ಹತಾಶೆಯ ಬಗ್ಗೆ ಆಮೇಲೆ ತುಂಬ ಓದಿದೆ. ಆದರೆ 'ದಾಲಾ ಬೊಡ್ಚಿ' ಎಂಬ ಆ ಎರಡು ಪದಗಳಿಗಿಂತ ಹತ್ತಿರದ ವಿವರಣೆ ನನಗೆ ಎಲ್ಲೂ ಸಿಕ್ಕಿಲ್ಲ.

ಚಿಂತೆಗೆ ನಮ್ಮ ಕರಾವಳಿಯಲ್ಲಿ ಬೇರೆ ಮಾತಿದೆ, ಮಂಡೆಬಿಸಿ. ತುಳುವಿನಲ್ಲಿ ಮಂಡೆಬೆಚ್ಚ. ಮಗಳ ಫೀಸು ಕಟ್ಟಿಲ್ಲ, ಮಂಡೆಬಿಸಿ. ಅಡಿಕೆಗೆ ಕೊಳೆರೋಗ ಬಂತು, ಮಂಡೆಬಿಸಿ. ಗಾಳಿ ಎದ್ದಿದೆ, ಬೋಟು ಇನ್ನೂ ಮಲ್ಪೆಗೆ ಬಂದಿಲ್ಲ, ಮಂಡೆಬಿಸಿ. ತಲೆ ಬಿಸಿಯಾಗಬೇಕಾದರೆ ಒಳಗೆ ಎಲ್ಲೋ ಬೆಂಕಿ ಇರಬೇಕು ಅಲ್ವಾ? ಏನೋ ಒಂದು ಬೇಕು, ಅದು ಸಿಗುತ್ತದೋ ಇಲ್ಲವೋ ಎಂಬ ತಳಮಳ ಇದೆ. 'ದಾಲಾ ಬೊಡ್ಚಿ' ಅನ್ನುವವನ ಒಲೆ ಆರಿದೆ. ಅವನಿಗೆ ದುಃಖ ಜಾಸ್ತಿಯಾಗಿದೆ ಅಂತ ನಾವು ತಿಳಿಯುತ್ತೇವೆ. ನಿಜವಾಗಿ ಆದದ್ದು ಬೇರೆ. ಅವನ ಪಾಲಿಗೆ ನಾಳೆ ಎಂಬುದು ಇಲ್ಲವಾಗಿದೆ. ನಾಳೆ ಇಲ್ಲದವನಿಗೆ ಮಧ್ಯಾಹ್ನದ ಪದಾರ್ಥ ಯಾಕೆ, ಕ್ಯಾಲೆಂಡರ್ ಯಾಕೆ?

ಕನ್ನಡದಲ್ಲಿ ಇದಕ್ಕೆ ಹತ್ತಿರದ ಪದಗಳು ಹಲವು ಇವೆ, ನಾವು ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿಬಿಡುತ್ತೇವೆ. ನಿರಾಶೆ ಎಂದರೆ ಆಸೆ ಇಲ್ಲದಿರುವುದು. ಬಸ್ಸು ತಪ್ಪಿದರೂ ನಿರಾಶೆ, ಮಾರ್ಕು ಕಮ್ಮಿ ಬಂದರೂ ನಿರಾಶೆ. ಖಿನ್ನತೆ ಈಗ ಡಾಕ್ಟರರ ಬಾಯಲ್ಲಿ ಒಂದು ಕಾಯಿಲೆಯ ಹೆಸರು. ಅದಕ್ಕೆ ಲಕ್ಷಣಗಳಿವೆ, ಮದ್ದಿದೆ. ಹತಾಶೆ ಎಂಬ ಪದವನ್ನು ಮಾತ್ರ ಬಿಡಿಸಿ ನೋಡಬೇಕು. ಹತ, ಆಶೆ. ಆಸೆ ಸತ್ತಿದೆ ಅಂತ ಕೂಡ ಅಲ್ಲ, ಕೊಲ್ಲಲ್ಪಟ್ಟಿದೆ. ಕೊಂದದ್ದು ಏನೋ ಒಂದು ಇದೆ, ಅಥವಾ ಯಾರೋ ಒಬ್ಬರು ಇದ್ದಾರೆ. ಈ ಮಾತಿಗೆ ಆಮೇಲೆ ಬರುತ್ತೇನೆ.

ಅಮೆರಿಕದ ಮನೋವೈದ್ಯ ಆರನ್ ಬೆಕ್ 1974ರಲ್ಲಿ ತನ್ನ ಸಹೋದ್ಯೋಗಿಗಳ ಜೊತೆ ಸೇರಿ ಹತಾಶೆಯನ್ನು ಅಳೆಯುವ ಒಂದು ಪಟ್ಟಿ ತಯಾರಿಸಿದರು. ಅದರಲ್ಲಿ 20 ವಾಕ್ಯಗಳಿವೆ, ಪ್ರತಿಯೊಂದಕ್ಕೂ ಹೌದು ಅಥವಾ ಅಲ್ಲ ಎನ್ನಬೇಕು. ನೀವು ಅಳುತ್ತೀರಾ, ನಿಮಗೆ ನೋವಾಗುತ್ತದಾ ಎಂದು ಅದು ಕೇಳುವುದಿಲ್ಲ. ಅದು ಕೇಳುವುದು ಮುಂದಿನ ದಿನಗಳ ಬಗ್ಗೆ. ಮುಂದೆ ಒಳ್ಳೆಯದೇನಾದರೂ ಆಗುತ್ತದೆ ಅನಿಸುತ್ತದಾ, ಪ್ರಯತ್ನ ಮಾಡಿ ಪ್ರಯೋಜನ ಇದೆ ಅನಿಸುತ್ತದಾ ಎಂಬ ಧಾಟಿಯ ಪ್ರಶ್ನೆಗಳು. ಮನಸ್ಸು ಎಷ್ಟು ಕುಗ್ಗಿದೆ ಎನ್ನುವುದಕ್ಕಿಂತ ನಾಳೆ ಎಷ್ಟು ಮುಚ್ಚಿದೆ ಎನ್ನುವುದೇ ಜೀವಕ್ಕೆ ಅಪಾಯ ಎಷ್ಟಿದೆ ಎಂದು ಚೆನ್ನಾಗಿ ತೋರಿಸುತ್ತದೆ ಎಂದು ಅವರ ಮುಂದಿನ ಅಧ್ಯಯನಗಳು ಹೇಳಿದವು. ಹಾಗಾಗಿ ಮನೆಯಲ್ಲಿ ಒಬ್ಬರು ಜೋರಾಗಿ ಅಳುತ್ತಾ, ಇನ್ನೊಬ್ಬರು ಸುಮ್ನೆ ಗೋಡೆ ನೋಡುತ್ತಾ ಕೂತಿದ್ದರೆ, ಗೋಡೆ ನೋಡುವವರ ಹತ್ತಿರ ಮೊದಲು ಹೋಗಿ ಕೂರಬೇಕು.

ಸಾಹಿತ್ಯ ಇದನ್ನು ಬಹಳ ಹಿಂದೆಯೇ ಕಂಡಿತ್ತು. ನಮಗೆಲ್ಲ ಗೊತ್ತಿರುವ ಉದಾಹರಣೆ ಅರ್ಜುನ. ಭಗವದ್ಗೀತೆಯ ಮೊದಲ ಅಧ್ಯಾಯದ ಹೆಸರೇ ಅರ್ಜುನ ವಿಷಾದಯೋಗ. ವಿಷಾದ ಎಂಬ ಪದದ ಮೂಲದಲ್ಲಿ ಇರುವುದು ಕುಸಿಯುವುದು, ಕೂರುವುದು ಎಂಬ ಅರ್ಥದ ಧಾತು. ಅರ್ಜುನ ತನ್ನ ಸ್ಥಿತಿಯನ್ನು ಹೇಳುವಾಗ ಮೊದಲು ತತ್ತ್ವ ಹೇಳುವುದಿಲ್ಲ, ಮೈಯ ಸುದ್ದಿ ಹೇಳುತ್ತಾನೆ. ಕೈಕಾಲು ಸೋಲುತ್ತಿವೆ, ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ಚರ್ಮ ಉರಿಯುತ್ತಿದೆ, ಗಾಂಡೀವ ಕೈಯಿಂದ ಜಾರುತ್ತಿದೆ, ನಿಲ್ಲಲು ಆಗುತ್ತಿಲ್ಲ. ಇವತ್ತು ಯಾರಾದರೂ ಕ್ಲಿನಿಕ್ಕಿಗೆ ಹೋಗಿ ಇದನ್ನೇ ಹೇಳಿದರೆ ಡಾಕ್ಟರು ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಅಧ್ಯಾಯದ ಕೊನೆಯ ಶ್ಲೋಕದಲ್ಲಿ ಅವನು ಬಿಲ್ಲುಬಾಣ ಬಿಟ್ಟು ರಥದಲ್ಲಿ ಕೂತುಬಿಡುತ್ತಾನೆ. ವಿಷಾದ ಎಂದರೆ ಅಕ್ಷರಶಃ ಅದೇ, ಕೂತುಬಿಡುವುದು.

ಅದರ ಮುಂದಿನದ್ದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಎರಡನೇ ಅಧ್ಯಾಯದ ಶುರುವಿನಲ್ಲಿ ಕೃಷ್ಣ ಮೊದಲು ಮಾಡುವುದು ಬೈಯುವುದು. ಇದೆಂಥ ಷಂಡತನ, ಈ ಕ್ಷುದ್ರ ದೌರ್ಬಲ್ಯ ಬಿಟ್ಟು ಏಳು ಎನ್ನುತ್ತಾನೆ. ನಮ್ಮ ಮನೆಗಳಲ್ಲೂ ಇದೇ ಅಲ್ವಾ ನಡೆಯುವುದು? ಗಂಡಸಾಗಿ ಹೀಗೆ ಕೂತರೆ ಹೇಗೆ, ಎದ್ದು ಏನಾದರೂ ಮಾಡು ಅಂತ. ದೊಡ್ಡಪ್ಪನಿಗೂ ಬಂದವರೆಲ್ಲ ಅದನ್ನೇ ಹೇಳಿದರು. ಆದರೆ ಬೈಗುಳದಿಂದ ಅರ್ಜುನ ಏಳಲಿಲ್ಲ. ತನ್ನ ಕಷ್ಟವನ್ನು ಇನ್ನೊಮ್ಮೆ ಹೇಳಿದ, ಯುದ್ಧ ಮಾಡುವುದಿಲ್ಲ ಎಂದ, ಬಾಯಿ ಮುಚ್ಚಿಕೊಂಡ. 'ತೂಷ್ಣೀಂ ಬಭೂವ' ಎನ್ನುತ್ತದೆ ಶ್ಲೋಕ, ಸುಮ್ಮನಾದ. ಕೃಷ್ಣನೇ ಬೈದರೂ ಕೆಲಸಕ್ಕೆ ಬಾರದ ಜಾಗ ಅದು. ಉಳಿದ ಗೀತೆಯೆಲ್ಲ ಹುಟ್ಟಿದ್ದು ಆ ಮೌನದ ಎದುರು. ಅಲ್ಲಿಂದ ಆಚೆ ಕೃಷ್ಣ ಮಾತಾಡುತ್ತಾನೆ, ಅರ್ಜುನ ತಿರುಗಿ ತಿರುಗಿ ಪ್ರಶ್ನೆ ಕೇಳುತ್ತಾನೆ, ಗೊತ್ತಾಗಲಿಲ್ಲ ಎನ್ನುತ್ತಾನೆ, ಇನ್ನೊಮ್ಮೆ ಹೇಳು ಎನ್ನುತ್ತಾನೆ. ಎರಡು ಸೇನೆಗಳ ನಡುವೆ ಅಷ್ಟು ಹೊತ್ತು ಒಬ್ಬ ಇನ್ನೊಬ್ಬನಿಗಾಗಿ ಕೂತಿದ್ದ ಎನ್ನುವುದು ನನಗೆ ಗೀತೆಯ ಯಾವ ಉಪದೇಶಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

ಕೇಳುವವರು ಯಾರೂ ಇಲ್ಲದಿದ್ದರೆ? ಉಡುಪಿಯಲ್ಲಿ ಕೃಷ್ಣ ಇರುವುದು ಕಡಗೋಲು ಹಿಡಿದ ಬಾಲಕನಾಗಿ. ಅವನನ್ನು ನೋಡಲು ಗುಡಿಯ ಹೊರಗೆ ನಿಂತ ಕನಕದಾಸರಿಗಾಗಿ ಗೋಡೆ ಬಿರಿದು ದೇವರು ತಿರುಗಿ ನಿಂತ ಎಂಬ ಕತೆ ಇದೆ. ಕನಕನ ಕಿಂಡಿಯ ಎದುರು ನಿಂತಾಗೆಲ್ಲ ನನಗೆ ಅವರ ಒಂದು ಕೀರ್ತನೆ ನೆನಪಾಗುತ್ತದೆ: 'ತಲ್ಲಣಿಸದಿರು ಕಂಡ್ಯ ತಾಳು ಮನವೇ.' ಬೆಟ್ಟದ ತುದಿಯ ಮರಕ್ಕೆ ನೀರೆರೆದವರು ಯಾರು ಅಂತ ಕೇಳುವ ಹಾಡು. ಎಲ್ಲರೂ ಅದನ್ನು ಭರವಸೆಯ ಹಾಡು ಅನ್ನುತ್ತಾರೆ. ಅದು ಯಾರಿಗೆ ಹೇಳಿದ್ದು ಎಂದು ನೋಡಿ. ಮನವೇ ಎಂದಿದ್ದಾರೆ. ತಲ್ಲಣಿಸುತ್ತಿರುವ ಮನಸ್ಸಿನ ಪಕ್ಕದಲ್ಲಿ ತಾನೇ ಇನ್ನೊಬ್ಬನಾಗಿ ಕೂತು, ಭುಜ ಹಿಡಿದು, ಸ್ವಲ್ಪ ತಡೆ ಮಾರಾಯ ಅನ್ನುವ ಹಾಗೆ. ಎದುರಿಗೆ ಯಾರೂ ಇಲ್ಲದಾಗ ಕವಿ ತನ್ನೊಳಗಿನಿಂದಲೇ ಒಬ್ಬ ಕೇಳುಗನನ್ನು ಮಾಡಿಕೊಳ್ಳುತ್ತಾನೆ. 'ಕಂಡ್ಯ' ಎಂಬ ಆ ಒಂದು ಮಾತಿನಲ್ಲಿ ಎಷ್ಟು ಸಲಿಗೆ ಇದೆ!

ಶಿಲುಬೆಯ ಮೇಲಿನ ಯೇಸು, ನನ್ನ ದೇವರೇ ಯಾಕೆ ನನ್ನ ಕೈಬಿಟ್ಟೆ ಎಂದು ಕೂಗಿದ್ದನ್ನು ಬೈಬಲಿನಲ್ಲಿ ಓದಿದ್ದೇವೆ. ಮಂಗಳೂರಿನಲ್ಲಿ ಹುಟ್ಟಿ ಮಂಜೇಶ್ವರದಲ್ಲಿ ಬದುಕಿದ ಗೋವಿಂದ ಪೈಗಳು ಯೇಸುವಿನ ಆ ಕೊನೆಯ ದಿನದ ಮೇಲೆಯೇ ಗೊಲ್ಗೊಥಾ ಎಂಬ ಕಾವ್ಯ ಬರೆದರು. ಆ ಕೂಗು ಆ ಗಳಿಗೆಯಲ್ಲಿ ಹೊಸದಾಗಿ ಹುಟ್ಟಿದ ಮಾತಲ್ಲ. ಹಳೆಯ ಒಡಂಬಡಿಕೆಯ 22ನೇ ಕೀರ್ತನೆ ಶುರುವಾಗುವುದೇ ಆ ಸಾಲಿನಿಂದ. ಸ್ವಂತ ಮಾತು ಬತ್ತಿಹೋದ ಗಳಿಗೆಯಲ್ಲಿ ನಾಲಗೆಗೆ ಬಂದದ್ದು ಚಿಕ್ಕಂದಿನಿಂದ ಕೇಳಿದ ಹಾಡಿನ ಒಂದು ಸಾಲು. ಅದು ಅಲ್ಲಿ ಮೊದಲೇ ಇತ್ತು, ಹಾಗಾಗಿ ಸಿಕ್ಕಿತು.

ಹತಾಶೆಯ ಬಗ್ಗೆ ವಿಜ್ಞಾನದಲ್ಲಿ ತುಂಬ ಹೆಸರಾದ ಇನ್ನೊಂದು ಪ್ರಯೋಗ ಇದೆ. 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮಾಯರ್ ನಾಯಿಗಳ ಮೇಲೆ ಮಾಡಿದ್ದು. ಓದಲು ಸಂಕಟವಾಗುವ ಪ್ರಯೋಗ ಅದು. ಕೆಲವು ನಾಯಿಗಳಿಗೆ ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದ ಹಾಗೆ ವಿದ್ಯುತ್ತಿನ ಶಾಕ್ ಕೊಟ್ಟರು. ಆಮೇಲೆ ಅವುಗಳನ್ನು ಒಂದು ಸಣ್ಣ ಅಡ್ಡಗೋಡೆ ಹಾರಿದರೆ ಸಾಕು, ಶಾಕ್ ತಪ್ಪುತ್ತದೆ ಎಂಬ ಜಾಗಕ್ಕೆ ಬಿಟ್ಟರು. ಬೇರೆ ನಾಯಿಗಳು ಹಾರಿದವು. ಇವುಗಳಲ್ಲಿ ಹೆಚ್ಚಿನವು ಹಾರಲಿಲ್ಲ. ಅಲ್ಲೇ ಮಲಗಿ ಸಹಿಸಿದವು. ಕಲಿತ ಅಸಹಾಯಕತೆ ಎಂದು ಅದಕ್ಕೆ ಹೆಸರಿಟ್ಟರು. ಏನು ಮಾಡಿದರೂ ಆಗುವುದಿಲ್ಲ ಎಂಬುದನ್ನು ಜೀವ ಕಲಿತುಬಿಡುತ್ತದೆ ಎಂದು.

ಐವತ್ತು ವರ್ಷ ಹತ್ತಿರ ಬಂದಾಗ, 2016ರಲ್ಲಿ, ಅದೇ ಇಬ್ಬರು ತಮ್ಮ ಮಾತನ್ನು ತಿದ್ದಿಕೊಂಡರು. ಮೆದುಳಿನ ಅಧ್ಯಯನ ಅಷ್ಟು ಹೊತ್ತಿಗೆ ಬಹಳ ಮುಂದೆ ಬಂದಿತ್ತು. ದೀರ್ಘ ಕಾಲ ಪೆಟ್ಟು ತಿಂದರೆ ಕೈಚೆಲ್ಲಿ ಕೂರುವುದು ಕಲಿಕೆಯಲ್ಲ, ಅದು ಮೆದುಳಿಗೆ ಹುಟ್ಟಿನಿಂದಲೇ ಬಂದ ಪ್ರತಿಕ್ರಿಯೆ. ಕಲಿಯಬೇಕಾದದ್ದು ಇನ್ನೊಂದು, ನನ್ನಿಂದಲೂ ಏನೋ ಆಗುತ್ತದೆ ಎಂಬುದು, ಎಂದು ಬರೆದರು. ಇದನ್ನು ಓದಿದ ದಿನ ನನ್ನ ಮನಸ್ಸಿನಿಂದ ಒಂದು ಭಾರ ಇಳಿಯಿತು. ದೊಡ್ಡಪ್ಪ ಸೋಮಾರಿಯಾಗಿರಲಿಲ್ಲ, ಹೇಡಿಯೂ ಆಗಿರಲಿಲ್ಲ. ಪೆಟ್ಟು ಬಿದ್ದ ಮೈ ಮಾಡುವುದನ್ನೇ ಅವರ ಮೈ ಮಾಡುತ್ತಿತ್ತು. ಆಗ ಅದು ಗೊತ್ತಿದ್ದರೆ ಅವರನ್ನು ನೋಡಿ ನಾವು ಮಕ್ಕಳು ಪಿಸುಗುಟ್ಟುತ್ತಿರಲಿಲ್ಲ.

ಪಕ್ಕದ ಮನೆಯ ಶೆಟ್ರೊಬ್ಬರು ದಿನಾ ಸಂಜೆ ಬಂದು ಅವರ ಹತ್ತಿರ ಕೂತು ಹೋಗುತ್ತಿದ್ದರು. ಜಾಸ್ತಿ ಮಾತಿಲ್ಲ. ಒಂದು ಶನಿವಾರ ಶಾಲೆಯ ಹಾಲ್‌ನಲ್ಲಿ ತಾಳಮದ್ದಳೆ ಇತ್ತು, ವೇಷ ಕುಣಿತ ಇಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ. ಪತ್ತನಾಜೆ, ಅಂದರೆ ಆಟದ ಕಾಲ ಮುಗಿಯುವ ದಿನ, ಕಳೆದು ಯಕ್ಷಗಾನ ಮೇಳಗಳೆಲ್ಲ ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ನಮಗೆ ತಾಳಮದ್ದಳೆಯೇ ಆಸರೆ. ಶೆಟ್ರು ಕೇಳಲೇ ಇಲ್ಲ, ಕೊಡೆ ಬಿಡಿಸಿ ಇವರ ಕೈಗೆ ಕೊಟ್ಟು ಕರೆದುಕೊಂಡು ಹೋದರು. ನಾನೂ ಹಿಂದೆ ಹೋದೆ. ಪ್ರಸಂಗ ಗದಾಯುದ್ಧ. ಎಲ್ಲರನ್ನೂ ಕಳಕೊಂಡ ಕೌರವ ಒಬ್ಬನೇ ವೈಶಂಪಾಯನ ಸರೋವರದ ದಡಕ್ಕೆ ಬಂದು ನಿಲ್ಲುವ ಕತೆ.

ಈ ಕತೆಯನ್ನು ಕನ್ನಡದಲ್ಲಿ ಸಾವಿರ ವರ್ಷದ ಹಿಂದೆಯೇ ರನ್ನ ಹೇಳಿದ್ದಾನೆ. ಅವನ ದುರ್ಯೋಧನ ಹೆಣಗಳ ನಡುವೆ ನಡೆಯುತ್ತಾ ತಮ್ಮ ದುಶ್ಶಾಸನನ ಹೆಣದ ಹತ್ತಿರ ನಿಲ್ಲುತ್ತಾನೆ. ತಾಯಿಯ ಹಾಲು ಮೊದಲು ನಾನು ಕುಡಿದೆ, ಆಮೇಲೆ ನೀನು. ಎಲ್ಲದರಲ್ಲೂ ನನ್ನ ಹಿಂದೆಯೇ ಬಂದವನು ಸಾವಿನಲ್ಲಿ ಮಾತ್ರ ಮುಂದೆ ಹೋದೆಯಲ್ಲ ಎಂದು ಅವನು ಅಳುವ ಪದ್ಯವನ್ನು ಓದಿದ ಮೇಲೆ ದುರ್ಯೋಧನನನ್ನು ಬರೀ ಖಳ ಅನ್ನಲು ನನಗೆ ಬಾಯಿ ಬರುವುದಿಲ್ಲ. ಅವನು ಸರೋವರದೊಳಗೆ ಇಳಿದು ಅಡಗುತ್ತಾನೆ. ದಡದಲ್ಲಿ ನಿಂತ ಭೀಮನ ಗರ್ಜನೆ ಕೇಳಿ, ನೀರೊಳಗಿದ್ದರೂ ಬೆವರುತ್ತಾನೆ. ಆ ಬೆವರನ್ನು ಮೇಷ್ಟ್ರುಗಳು ಶೌರ್ಯ ಎಂದು ಪಾಠ ಮಾಡುತ್ತಾರೆ. ನನಗೆ ಅದು ಜೀವ ಮರಳಿ ಬಂದ ಗುರುತು. ನೀರು ಸೇರಿದವನು ತಣ್ಣಗಾಗಿಬಿಟ್ಟಿದ್ದ, ಸಿಟ್ಟು ಅವನನ್ನು ಮತ್ತೆ ಬಿಸಿ ಮಾಡಿತು. ಹತಾಶನಾದವನಿಗೆ ಸಿಟ್ಟು ಬಂದರೆ ಮನೆಯವರು ಹೆದರುತ್ತಾರೆ. ಎಷ್ಟೋ ಸಲ ಅದು ಒಳಗಿನ ಬೂದಿಯಲ್ಲಿ ಕೆಂಡ ಉಳಿದಿದೆ ಎಂಬ ಸುದ್ದಿ.

ಆ ರಾತ್ರಿ ದೊಡ್ಡಪ್ಪ ಅಳಲಿಲ್ಲ. ತಾಳಮದ್ದಳೆ ಮುಗಿಯುವವರೆಗೂ ಕಂಬಕ್ಕೆ ಒರಗಿ ಕೂತಿದ್ದರು. ವಾಪಸು ಬರುವಾಗ ಗದ್ದೆಯ ಬದುವಿನಲ್ಲಿ, ಟಾರ್ಚಿನ ಬೆಳಕಿನಲ್ಲಿ, ಒಮ್ಮೆಲೇ ಹೇಳಿದರು: ಕೌರವ ನೀರಿಗೆ ಇಳಿಯುವ ಮೊದಲು ಇನ್ನೊಂದು ಪದ್ಯ ಇದೆ, ಭಾಗವತರು ಅದನ್ನು ಬಿಟ್ಟುಬಿಟ್ಟರು, ಹಾಗೆ ಬಿಡಬಾರದಿತ್ತು ಅಂತ. ಶೆಟ್ರು, ಹೌದಲ್ವಾ, ಬಿಡಬಾರದಿತ್ತು ಅಂದರು. ಅಷ್ಟೇ ಮಾತು. ಮನೆಗೆ ಬಂದು ದೊಡ್ಡಮ್ಮನಿಗೆ ಹೇಳಿದಾಗ ಅವರು ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟು ಕೂತರು. ಒಂದು ಪದ್ಯ ಬೇಕಿತ್ತು ಅಂದರಲ್ಲ! ಎರಡು ತಿಂಗಳಲ್ಲಿ ಆ ಮನುಷ್ಯನಿಗೆ ಬೇಕು ಅನಿಸಿದ ಮೊದಲ ವಸ್ತು ಅದು.

ತಾಳಮದ್ದಳೆಯಿಂದ ಅವರು ಗುಣವಾದರು ಅಂತ ನಾನು ಹೇಳುತ್ತಿಲ್ಲ. ಅದಾದ ಮೇಲೆ ಮಂಗಳೂರಿನ ಒಬ್ಬ ಮನೋವೈದ್ಯರ ಹತ್ತಿರ ಹೋದರು, ಸುಮಾರು ಒಂದು ವರ್ಷ ಮಾತ್ರೆ ತೆಗೆದುಕೊಂಡರು. ಮಾತ್ರೆ ಕೆಲಸ ಮಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಒಂದು ಒಳ್ಳೆಯ ಕತೆ ಓದಿದರೆ ಸಾಕು, ಡಾಕ್ಟರು ಯಾಕೆ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕತೆಯ ಕೆಲಸ ಬೇರೆ.

ಹತ ಎಂಬ ಮಾತಿಗೆ ವಾಪಸು ಬರುತ್ತೇನೆ ಅಂದಿದ್ದೆ. ಅದಕ್ಕೆ ಚೋಮನಿಗಿಂತ ದೊಡ್ಡ ಸಾಕ್ಷಿ ಕನ್ನಡದಲ್ಲಿ ಇಲ್ಲ. ಕೋಟ ಶಿವರಾಮ ಕಾರಂತರ ಚೋಮನ ದುಡಿ ಪ್ರಕಟವಾದದ್ದು 1933ರಲ್ಲಿ. ಚೋಮನಿಗೆ ಬೇಕಾಗಿದ್ದದ್ದು ಒಂದು ತುಂಡು ಗದ್ದೆ. ಎತ್ತುಗಳು ಅವನ ಹತ್ತಿರ ಇವೆ, ತೋಳಿನಲ್ಲಿ ಬಲ ಇದೆ, ಆಸೆಯಂತೂ ಎದೆ ತುಂಬ ಇದೆ. ಆದರೆ ಅವನ ಜಾತಿಯವನು ಬೇಸಾಯಗಾರನಾಗುವುದನ್ನು ಊರು ಒಪ್ಪುವುದಿಲ್ಲ. ಧಣಿಯ ಸಾಲ ಇದೆ, ತೋಟದ ಸಾಲ ಇದೆ. ಒಬ್ಬ ಮಗ ಘಟ್ಟದ ತೋಟದಿಂದ ಜ್ವರ ಹೊತ್ತು ತಂದು ಸಾಯುತ್ತಾನೆ. ಇನ್ನೊಬ್ಬ ಮನೆ ಬಿಟ್ಟು ಬೇರೆ ಮತಕ್ಕೆ ಸೇರುತ್ತಾನೆ. ಚಿಕ್ಕ ಹುಡುಗ ನೀರಿನಲ್ಲಿ ಮುಳುಗುವಾಗ ನೋಡುತ್ತಾ ನಿಂತವರು ಇದ್ದಾರೆ, ಮುಟ್ಟಬಾರದು ಎಂಬ ಕಾರಣಕ್ಕೆ ಕೈ ಚಾಚುವುದಿಲ್ಲ.

ಇಂಥವನಿಗೆ ಧೈರ್ಯವಾಗಿರು, ಒಳ್ಳೆಯದನ್ನೇ ಯೋಚಿಸು ಎಂದು ಹೇಳುವುದು ಕ್ರೂರವಲ್ವಾ? ಚೋಮ ಪ್ರಯತ್ನ ಬಿಟ್ಟವನಲ್ಲ. ಆ ಪ್ರಯೋಗದ ನಾಯಿಗಳ ಹಾಗೆ ಮಲಗಿದವನೂ ಅಲ್ಲ. ಪ್ರತಿ ಸಲ ಹಾರಿದ, ಪ್ರತಿ ಸಲ ಗೋಡೆಯನ್ನು ಯಾರೋ ಎತ್ತರ ಮಾಡಿದರು. ಅವನ ಆಸೆ ತಾನಾಗಿ ಬಾಡಲಿಲ್ಲ, ಕೊಂದವರಿದ್ದರು. ಹತಾಶೆಯನ್ನು ಬರೀ ಮನಸ್ಸಿನ ಒಳಗಿನ ತೊಂದರೆ ಅಂತ ನೋಡುವವರು ಈ ಕಾದಂಬರಿಯನ್ನು ಒಮ್ಮೆ ಓದಬೇಕು. ಕೆಲವು ಹತಾಶೆಗಳಿಗೆ ಮದ್ದು ಆಸ್ಪತ್ರೆಯಲ್ಲಿಲ್ಲ. ಭೂಮಿಯ ಕಾಗದದಲ್ಲಿದೆ, ಕೂಲಿಯ ಲೆಕ್ಕದಲ್ಲಿದೆ, ಊರಿನ ಬಾವಿಯ ಕಟ್ಟೆಯಲ್ಲಿದೆ.

ಚೋಮನಿಗೆ ಕೃಷ್ಣ ಇಲ್ಲ. ಅವನ ಮಾತು ಕೇಳುವವರು ಯಾರೂ ಇಲ್ಲ. ಅದಕ್ಕೇ ಕಾರಂತರು ಅವನ ಕೈಗೆ ದುಡಿ ಕೊಟ್ಟರು. ಸಂತೋಷ ಬಂದರೂ ದುಡಿ, ಸಂಕಟ ಬಂದರೂ ದುಡಿ. ಕೊನೆಗೆ ನೇಗಿಲು ಮುರಿದು, ಎತ್ತುಗಳನ್ನು ಅಟ್ಟಿ, ಬಾಗಿಲು ಹಾಕಿಕೊಂಡು ಬಾರಿಸುತ್ತಾನೆ. ಸದ್ದು ನಿಲ್ಲುವಾಗ ಅವನೂ ಇರುವುದಿಲ್ಲ. ಬಂಟ್ವಾಳ ಕಡೆಯ ಮಂಚಿಯವರೇ ಆದ ಬಿ.ವಿ. ಕಾರಂತರು 1975ರಲ್ಲಿ ಇದನ್ನು ಸಿನಿಮಾ ಮಾಡಿದರು, ಅದಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು. ಆ ಊರಿನಲ್ಲಿ ಯಾರ ಕಿವಿಗೂ ಬೀಳದ ದುಡಿ ತೊಂಬತ್ತು ವರ್ಷದಿಂದ ಓದುವವರ ಕಿವಿಗೆ ಕೇಳುತ್ತಿದೆ. ಕತೆಯ ಕೆಲಸ ಬೇರೆ ಅಂದೆನಲ್ಲ, ಈ ಕೆಲಸ. ಚೋಮನನ್ನು ಅದು ಉಳಿಸಲಿಲ್ಲ. ಬಾಗಿಲು ಹಾಕಿಕೊಂಡವನ ಸದ್ದನ್ನು ಹೊರಗೆ ತಂದಿತು.

ಹಾಗೆ ಬಾಗಿಲು ತೆರೆಯುವ ದಾರಿಗಳು ಪುಸ್ತಕ ಬರುವ ಮೊದಲೂ ನಮ್ಮಲ್ಲಿ ಇದ್ದವು. ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ ಬೇಸಿಗೆಯ ಹುಣ್ಣಿಮೆ ರಾತ್ರಿ ಸಿರಿ ಜಾತ್ರೆ ನಡೆಯುತ್ತದೆ. ಸಿರಿ ತುಳುನಾಡಿನ ಪಾಡ್ದನದ, ಅಂದರೆ ಬಾಯಿಂದ ಬಾಯಿಗೆ ಬಂದ ಕತೆಯ ಹಾಡಿನ, ಹೆಣ್ಣು. ಗಂಡನ ಮನೆಯ ಅವಮಾನ ತಡೆಯದೆ ಹೊರಟುಬಂದವಳು. ಮಾಚಾರು ಗೋಪಾಲ ನಾಯ್ಕರು ಹಾಡಿದ ಆ ಪಾಡ್ದನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ತಂಡ ದಾಖಲಿಸಿ 1998ರಲ್ಲಿ ಪ್ರಕಟಿಸಿತು. ಅದರಲ್ಲಿ 15,683 ಸಾಲುಗಳಿವೆ. ಜಾತ್ರೆಯ ರಾತ್ರಿ ಹೆಂಗಸರು ಹಿಂಗಾರ ಕೈಯಲ್ಲಿ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರ ಮೈ ನಡುಗಲು ಶುರುವಾಗುತ್ತದೆ. ಹಾಡು ಹೌದೋ ಅಳು ಹೌದೋ ಗೊತ್ತಾಗದ ಒಂದು ದನಿ ಏಳುತ್ತದೆ. ಸಿರಿಯ ಮಗ ಕುಮಾರನನ್ನು ಮೈಮೇಲೆ ತಂದುಕೊಂಡ ಪಾತ್ರಿ ಎದುರು ನಿಂತು ಮಾತಾಡಿಸುತ್ತಾನೆ, ನೀನು ಯಾರು, ಯಾಕೆ ಬಂದೆ, ಏನು ಸಂಕಟ ಎಂದು. ವರ್ಷವಿಡೀ ಮನೆಯಲ್ಲಿ ಬಾಯಿ ಬಿಡದ ಹೆಂಗಸು ಆ ರಾತ್ರಿ ಸಿರಿಯ ಹೆಸರಿನಲ್ಲಿ ಬಾಯಿ ಬಿಡುತ್ತಾಳೆ. ಇದನ್ನು ಚಿಕಿತ್ಸೆ ಎಂದು ಕರೆಯಲು ನನಗೆ ಮನಸ್ಸಿಲ್ಲ, ನಂಬುವವರಿಗೆ ಅದು ಬೇರೆಯೇ. ನೂರಾರು ಜನರ ನಡುವೆ ನಿನಗೆ ಏನಾಗಿದೆ ಎಂದು ಒಬ್ಬರು ಕೇಳುತ್ತಾರೆ, ಉತ್ತರ ಬರುವವರೆಗೆ ಕಾಯುತ್ತಾರೆ. ಅದನ್ನು ನೋಡಿದ ಮೇಲೆ ನನ್ನ ಕಣ್ಣಿನಿಂದ ಆ ನೋಟ ಹೋಗಿಲ್ಲ.

ಅದೇ ನಂದಳಿಕೆಯವನು ಮುದ್ದಣ. ಹುಟ್ಟಿದ್ದು 1870, ಕ್ಷಯದಿಂದ ತೀರಿಕೊಂಡದ್ದು 1901. ಬಡತನ, ಕಾಯಿಲೆ, ಸಣ್ಣ ಸಂಬಳದ ಮೇಷ್ಟ್ರಗಿರಿ. ಬರೆದದ್ದನ್ನು ತನ್ನ ಹೆಸರಿನಲ್ಲಿ ಹೊರಗೆ ತರಲೂ ಹಿಂಜರಿದ. ಹಾಗೆ ಬದುಕಿದವನ ರಾಮಾಶ್ವಮೇಧವನ್ನು ತೆರೆದರೆ ಸಿಗುವುದು ಗಂಡ ಹೆಂಡತಿಯ ಹರಟೆ. ಮಳೆಗಾಲ, ದಣಿದು ಬಂದ ಗಂಡ, ಕತೆ ಹೇಳು ಎನ್ನುವ ಮನೋರಮೆ. ಅವಳು ನಡುನಡುವೆ ತಡೆಯುತ್ತಾಳೆ, ಅರ್ಥವಾಗಲಿಲ್ಲ ಎನ್ನುತ್ತಾಳೆ, ನಗುತ್ತಾಳೆ. ಅವನೊಳಗೆ ಎಷ್ಟು ಕತ್ತಲೆ ಇತ್ತೋ ನಾವು ಊಹಿಸುವುದು ಸರಿಯಲ್ಲ. ಆದರೆ ಬರೆಯಲು ಕೂತಾಗ ಅವನು ಕತೆಗೆ ಮೊದಲು ಸೃಷ್ಟಿಸಿಕೊಂಡದ್ದು ಕೇಳುವವಳನ್ನು.

ಕಾಲದ ವಿಷಯದಲ್ಲೂ ನಮ್ಮ ಹಿರಿಯರಿಗೆ ಒಂದು ತಿಳಿವಳಿಕೆ ಇತ್ತು ಅನಿಸುತ್ತದೆ. ತುಳುವರ ಆಟಿ ತಿಂಗಳನ್ನು ನೋಡಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಹಿಂದೆಲ್ಲ ಆ ತಿಂಗಳಲ್ಲಿ ಪತ್ತಾಯ (ಭತ್ತದ ಕಣಜ) ಖಾಲಿ, ಗದ್ದೆಯಲ್ಲಿ ಕೆಲಸ ಇಲ್ಲ, ಮನೆಯಲ್ಲಿ ಜ್ವರ, ಹೊರಗೆ ಬಿಡದ ಮಳೆ. ಈಗಲೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ ಕಷ್ಟಕ್ಕೆ ಹಿರಿಯರು ಒಂದು ಹೆಸರಿಟ್ಟರು, ಶುರುವಿಗೂ ಕೊನೆಗೂ ದಿನ ಗೊತ್ತುಮಾಡಿದರು. ಅಮಾವಾಸ್ಯೆಗೆ ಹಾಲೆ ಮರದ ಕಹಿ ಕಷಾಯ ಕುಡಿಸಿದರು. ವೇಷ ಹಾಕಿದ ಆಟಿ ಕಳೆಂಜ ಕೊಡೆ ಹಿಡಿದು ಅಂಗಳಕ್ಕೆ ಬಂದು ಕುಣಿದು, ಮಾರಿ ಕಳೆದು ಹೋದ. ಆಟಿ ಮುಗಿದರೆ ಸೋಣ. ಸೋಣ ಬಂದೇ ಬರುತ್ತದೆ.

ನಾಜಿ ಶಿಬಿರಗಳಲ್ಲಿ ಕೈದಿಯಾಗಿದ್ದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್, 1946ರ ತನ್ನ ಪುಸ್ತಕದಲ್ಲಿ ಒಬ್ಬ ಸಹಕೈದಿಯ ಕತೆ ಹೇಳುತ್ತಾರೆ. 1945ರ ಮಾರ್ಚ್ 30ಕ್ಕೆ ಬಿಡುಗಡೆ ಎಂದು ಆ ಮನುಷ್ಯನಿಗೆ ಕನಸು ಬಿದ್ದಿತ್ತು. ಆ ದಿನ ಹತ್ತಿರ ಬಂದರೂ ಬಿಡುಗಡೆಯ ಸುಳಿವಿಲ್ಲ. 29ಕ್ಕೆ ಜ್ವರ ಬಂತು, 30ಕ್ಕೆ ಪ್ರಜ್ಞೆ ತಪ್ಪಿತು, 31ಕ್ಕೆ ತೀರಿಕೊಂಡ. ಕಾಯಿಲೆ ಟೈಫಸ್. ಅದರ ವಿರುದ್ಧ ಹೋರಾಡುವ ಶಕ್ತಿ ಅವನ ನಾಳೆಯ ಜೊತೆಗೇ ಹೋಗಿತ್ತು ಎನ್ನುತ್ತಾರೆ ಫ್ರಾಂಕ್ಲ್. ಆಟಿಗೂ ಆ ಕನಸಿಗೂ ಒಂದು ವ್ಯತ್ಯಾಸ ಇದೆ. ಅವನ ತಾರೀಕು ಅವನೊಬ್ಬನದೇ ಆಗಿತ್ತು. ಆಟಿಯ ತಾರೀಕನ್ನು ಇಡೀ ಊರು ಕೂಡಿ ಎಣಿಸುತ್ತದೆ.

ಓದುತ್ತಿರುವವರಲ್ಲಿ ಯಾರಿಗಾದರೂ ಈಗ ನಾಳೆ ಕಾಣುತ್ತಿಲ್ಲ ಅಂತಿದ್ದರೆ, ಅಥವಾ ಮನೆಯಲ್ಲಿ ಒಬ್ಬರು 'ದಾಲಾ ಬೊಡ್ಚಿ' ಅನ್ನುತ್ತಾ ಕೂತಿದ್ದರೆ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಅದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಅದು ಶುರುವಾದದ್ದು 2022ರ ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನದಂದು. ಅಕ್ಟೋಬರ್ 10 ಕಾರಂತರು ಹುಟ್ಟಿದ ದಿನ ಕೂಡ. ಎರಡಕ್ಕೂ ಸಂಬಂಧ ಏನಿಲ್ಲ, ಆದರೆ ಚೋಮನನ್ನು ನೆನೆಸಿಕೊಂಡಾಗ ನನಗೆ ಆ ನಂಬರೂ ನೆನಪಾಗುತ್ತದೆ. ಜೀವ ಕಳಕೊಳ್ಳುವ ಮಾತು ಯಾರ ಬಾಯಲ್ಲಾದರೂ ಬಂದರೆ, ಸುಮ್ನೆ ಹೇಳುತ್ತಾರೆ ಅಂತ ಬಿಡಬೇಡಿ. ಹಾಗೆ ಅನಿಸುತ್ತದಾ ಎಂದು ನೇರವಾಗಿ ಕೇಳಿ. ಕೇಳಿದರೆ ತಲೆಗೆ ಹೊಸದಾಗಿ ತುಂಬಿದ ಹಾಗೆ ಆಗುವುದಿಲ್ಲ. ಕೇಳಿದ ಮೇಲೆ ಹತ್ತಿರದಲ್ಲೇ ಇರಿ, ಡಾಕ್ಟರ ಹತ್ತಿರ ಜೊತೆಗೆ ಹೋಗಿ.

ದೊಡ್ಡಪ್ಪ ಮಾತ್ರೆ ಶುರು ಮಾಡಿ ಕೆಲವು ವಾರ ಆಗಿತ್ತು. ಮಳೆ ಬಿಟ್ಟ ಒಂದು ಬೆಳಗ್ಗೆ ಜಗಲಿಯಲ್ಲಿ ದೊಡ್ಡಮ್ಮ ಎಲೆ ಕತ್ತರಿಸುತ್ತಾ ಕೂತಿದ್ದರು. ದೊಡ್ಡಪ್ಪ ಎದ್ದು ಹೋಗಿ ಕ್ಯಾಲೆಂಡರಿನ ಎದುರು ನಿಂತರು. ಬಹಳ ಹೊತ್ತು ನಿಂತಿದ್ದರು. ಆಮೇಲೆ ಕೇಳಿದರು, 'ಇನಿ ಏತ್ ತಾರೀಕ್?' ಇವತ್ತು ಎಷ್ಟು ತಾರೀಕು?

ದೊಡ್ಡಮ್ಮ ತಲೆ ಎತ್ತಲಿಲ್ಲ, ಕತ್ತರಿ ನಿಲ್ಲಿಸಲಿಲ್ಲ. ತಾರೀಕು ಹೇಳಿದರು. ದೊಡ್ಡಪ್ಪ ಕಟ್ಟು ಹಿಡಿದು ಒಟ್ಟಿಗೆ ಹರಿಯಲಿಲ್ಲ. 17ರಿಂದ ಶುರು ಮಾಡಿ ಒಂದೊಂದೇ ಹಾಳೆ ಹರಿದರು. ಮಳೆಗಾಲದ ತೇವಕ್ಕೆ ಕೆಲವು ಅಂಟಿಕೊಂಡಿದ್ದವು, ಅವನ್ನು ಉಗುರಿನಿಂದ ಬಿಡಿಸಿದರು. ಹರಿದ ಹಾಳೆಗಳನ್ನು ದೊಡ್ಡಮ್ಮ ಬಿಸಾಡಲಿಲ್ಲ. ಹಿಂದಿನ ಬದಿ ಖಾಲಿ ಇತ್ತಲ್ಲ, ಜೋಡಿಸಿ ದಾರ ಹಾಕಿ, ಬೀಡಿ ಲೆಕ್ಕ ಬರೆಯಲು ಇಟ್ಟುಕೊಂಡರು.